ಮತ್ತಿಮರವನ್ನು ಮುಟ್ಟಿ ನೋಡಿದಿರಾ?

ಪತ್ರ: "ನಾನು ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಅಂತ ದಾಂಡೇಲಿಗೆ ಹೋಗಿ ಮತ್ತಿಮರದ ತೊಗಟೆಯ ಫೋಟೊ ತೆಗೆದು, ಅದನ್ನು ಸ್ಯಾಟಿನ್ ಬಟ್ಟೆಯ ಮೇಲೆ ಡಿಜಿಟಲ್ ಪ್ರಿಂಟ್ ಮಾಡಿಸಿ ಗೌನ್ ಹೊಲಿದೆ. ಎಲ್ಲರೂ ಮೆಚ್ಚಿದರು. ಆದರೆ ನಮ್ಮ ಮೇಡಂ 'ಫೋಟೊ ಚೆನ್ನಾಗಿದೆ, ಬಟ್ಟೆ ಎಲ್ಲಿ?' ಅಂತ ಕೇಳಿ ಮಾರ್ಕ್ಸ್ ಕಡಿಮೆ ಕೊಟ್ಟರು. ನಿಮ್ಮ ಪತ್ರಿಕೆಯಲ್ಲೂ ಇಳಕಲ್, ಕಸೂತಿ ಅಂತ ಹಳೆಯದರ ಗುಣಗಾನವೇ ಜಾಸ್ತಿ. ಅದೇ ಗಿಳಿ, ಅದೇ ನವಿಲು, ಅದೇ ತೇರು. ಪ್ರಕೃತಿಯಿಂದ ಹೊಸದಾಗಿ ಏನಾದರೂ ತೆಗೆದುಕೊಂಡರೆ ನಿಮಗೇಕೆ ಬೇಸರ?"
— ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಶಭಾಷ್ ಹೇಳಿಬಿಡುತ್ತೇನೆ. ಒಂದು ಮರ ನೋಡೋಕೆ ದಾಂಡೇಲಿವರೆಗೆ ಹೋದಿರಲ್ಲ, ಅದು ಸಣ್ಣ ಮಾತಲ್ಲ. ಕೂತಲ್ಲೇ ಮೊಬೈಲಿನಲ್ಲಿ ಹುಡುಕಿ, ಮೊದಲು ಸಿಕ್ಕ ಚಿತ್ರ ಇಳಿಸಿಕೊಂಡು ಕೆಲಸ ಮುಗಿಸುವವರೇ ಹೆಚ್ಚು.

ಡಿಜಿಟಲ್ ಪ್ರಿಂಟ್ ಮೇಲೆ ನನಗೆ ಹಗೆ ಇಲ್ಲ. ನಾಲ್ಕು ಮೀಟರ್ ಬೇಕೆಂದರೂ ಮಾಡಿಕೊಡುತ್ತಾರೆ, ಬಣ್ಣಕ್ಕೊಂದು ಸ್ಕ್ರೀನ್ ಮಾಡಿಸುವ ಖರ್ಚಿಲ್ಲ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಹೊಸಬರಿಗೆ ಅದು ದೊಡ್ಡ ಅನುಕೂಲ. ಅಚ್ಚು ಹಾಕಿದವರಲ್ಲೂ ದೊಡ್ಡವರಿದ್ದಾರೆ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ತನ್ನ ಹಳ್ಳಿಮನೆಯ ತೋಟದಲ್ಲಿ ಹಕ್ಕಿಗಳು ಸ್ಟ್ರಾಬೆರಿ ಕದಿಯುವುದನ್ನು ನೋಡಿ 1883ರಲ್ಲಿ ಹತ್ತಿ ಬಟ್ಟೆಗೆ ಹಾಕಿದ ಅಚ್ಚು ಇವತ್ತಿಗೂ ಮಾರಾಟವಾಗುತ್ತಿದೆ. ಆದರೆ ಆತ ನೀಲಿಯ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿ ಬಣ್ಣ ಕಲಿತವನು. ಹಕ್ಕಿಯನ್ನೂ ನೋಡಿದ್ದ, ಬಟ್ಟೆಯನ್ನೂ ಬಲ್ಲವನಾಗಿದ್ದ.

ಅಲ್ಲಿಗೆ ಪ್ರಿಂಟಿನ ಪರವಾಗಿ ಹೇಳಬೇಕಾದ್ದನ್ನು ಹೇಳಿದ ಹಾಗಾಯಿತು. ಇನ್ನು ನಾನು ನಿಮ್ಮ ಮೇಡಂ ಕಡೆ.

ನಿಮ್ಮ ಪತ್ರದಲ್ಲಿ ನಾನು ಹುಡುಕಿದ್ದು ಒಂದೇ ಮಾತು: ಮುಟ್ಟಿದೆ ಅನ್ನೋದು. ಅದು ಎಲ್ಲೂ ಸಿಗಲಿಲ್ಲ. ಮತ್ತಿಮರದ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕ ಒಡೆದಿರುತ್ತದೆ. ಬೆರಳಿಟ್ಟರೆ ಬಿರುಕಿನೊಳಗೆ ಬೆರಳ ತುದಿ ಇಳಿಯುತ್ತದೆ. ಬಿಲ್ಲೆಯ ನೆತ್ತಿ ಬಿಸಿಲಿಗೆ ಕಾದಿರುತ್ತದೆ, ಸಂದು ತಣ್ಣಗಿರುತ್ತದೆ. ಅಂಗೈಯಿಂದ ಸವರಿದರೆ ತರಿತರಿ. ಇದನ್ನೆಲ್ಲ ತೆಗೆದುಕೊಂಡು ಹೋಗಿ ನೀವು ಎಲ್ಲಿಗೆ ಹಾಕಿದಿರಿ? ಸ್ಯಾಟಿನ್ ಮೇಲೆ! ಕೈ ಇಟ್ಟರೆ ಜಾರುವ ಬಟ್ಟೆಯ ಮೇಲೆ. ಕಣ್ಣಿಗೆ ಕಾಡುಮರ, ಕೈಗೆ ರಿಬ್ಬನ್. ಮೇಡಂ ಕೇಳಿದ್ದು ಇದನ್ನೇ ಅಲ್ವಾ?

ಇನ್ನೊಂದು ಪ್ರಶ್ನೆ. ತೊಗಟೆ ಹಾಗೆ ಯಾಕೆ ಒಡೆಯುತ್ತದೆ ಅಂತ ಯೋಚಿಸಿದ್ದೀರಾ? ಒಳಗೆ ಕಾಂಡ ವರ್ಷ ವರ್ಷ ದಪ್ಪ ಆಗುತ್ತಾ ಹೋಗುತ್ತದೆ. ಹೊರಗಿನ ಸತ್ತ ಪದರಕ್ಕೆ ಹಿಗ್ಗುವ ಶಕ್ತಿ ಇಲ್ಲ. ಒಳಗಿನದು ತಳ್ಳುತ್ತದೆ, ಹೊರಗಿನದು ಬಿರಿಯುತ್ತದೆ. ಈ ಜಗ್ಗಾಟವನ್ನೇ ನೂಲಿನಲ್ಲಿ ತರೋಕೆ ಬರುತ್ತದೆ, ಗೊತ್ತಾ? ಸೀರ್‌ಸಕರ್ ಅನ್ನೋ ಬಟ್ಟೆ ನೋಡಿರುತ್ತೀರಿ. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಹೋಗುವ ನೂಲಿನ, ಕೆಲವು ಎಳೆಗಳನ್ನು ಬಿಗಿಯಾಗಿ, ಕೆಲವನ್ನು ಸಡಿಲವಾಗಿ ಬಿಡುತ್ತಾರೆ. ಸಡಿಲ ಬಿಟ್ಟದ್ದು ಸುಕ್ಕುಗಟ್ಟಿ ಉಬ್ಬುತ್ತದೆ, ಬಿಗಿಯಾದದ್ದು ಚಪ್ಪಟೆ ಉಳಿಯುತ್ತದೆ. ಅದರ ಹೆಸರು ಬಂದದ್ದು ಪಾರಸಿಯಿಂದ, ಅರ್ಥ ಹಾಲು-ಸಕ್ಕರೆ. ಒಂದು ಪಟ್ಟೆ ಹಾಲಿನ ಹಾಗೆ ನುಣುಪು, ಪಕ್ಕದ್ದು ಸಕ್ಕರೆಯ ಹಾಗೆ ತರಿ. ಹೆಸರಿಟ್ಟವರ ನಾಲಗೆ, ಬೆರಳು ಎರಡೂ ಎಚ್ಚರವಾಗಿದ್ದವು.

ಅಷ್ಟು ದೂರ ಯಾಕೆ, ನಮ್ಮ ಮೈಸೂರು ಕ್ರೇಪ್ ಸೀರೆಯನ್ನೇ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯದು. ನೂಲಿಗೆ ಹುರಿ ಜಾಸ್ತಿ ಕೊಟ್ಟು ನೇಯುತ್ತಾರೆ. ಹುರಿಗೊಂಡ ನೂಲು ಬಿಚ್ಚಿಕೊಳ್ಳೋಕೆ ನೋಡುತ್ತದೆ, ನೇಯ್ಗೆ ಬಿಡುವುದಿಲ್ಲ. ಹಾಗಾಗಿ ಬಟ್ಟೆಯ ಮೈ ಸಣ್ಣಗೆ ನವಿರೇಳುತ್ತದೆ. ಮರದ ತೊಗಟೆಯಲ್ಲೂ ಇದೇ ಜಗಳ. ನೀವು ಮತ್ತಿಮರದಿಂದ ಕದಿಯಬೇಕಾಗಿದ್ದು ಇದನ್ನು.

ಹಳಬರು ಬಟ್ಟೆಗೆ ಇಟ್ಟ ಹೆಸರುಗಳನ್ನು ನೋಡಿ. ಢಾಕಾದ ಮಸ್ಲಿನ್‌ನಲ್ಲಿ ಒಂದಕ್ಕೆ ಆಬ್-ಎ-ರವಾನ್, ಹರಿಯುವ ನೀರು. ಇನ್ನೊಂದಕ್ಕೆ ಶಬ್ನಂ, ಇಬ್ಬನಿ. ಆ ಬಟ್ಟೆಯ ಮೇಲೆ ನೀರಿನ ಚಿತ್ರವೂ ಇರಲಿಲ್ಲ, ಇಬ್ಬನಿಯ ಚಿತ್ರವೂ ಇರಲಿಲ್ಲ. ಬಟ್ಟೆಯೇ ಹಾಗಿತ್ತು. ಜಪಾನಿನಲ್ಲಿ ಬಟ್ಟೆಯನ್ನು ಚಿಟಿಕೆ ಚಿಟಿಕೆ ಹಿಡಿದು ದಾರ ಬಿಗಿದು ಬಣ್ಣಕ್ಕೆ ಅದ್ದುವ ಒಂದು ಕೆಲಸ ಇದೆ, ಕನೊಕೊ ಅನ್ನುತ್ತಾರೆ. ಅಂದರೆ ಜಿಂಕೆಮರಿ. ದಾರ ಬಿಚ್ಚಿದಾಗ ಚುಕ್ಕೆಯೂ ಕಾಣುತ್ತದೆ, ಕಟ್ಟಿದ ಜಾಗ ಮೊಗ್ಗಿನ ಹಾಗೆ ಎದ್ದೂ ನಿಂತಿರುತ್ತದೆ.

ಈಗ ಇಳಕಲ್ಲಿಗೆ ಬರುತ್ತೇನೆ. ನೀವು ಹಳೆಯದು ಅಂದಿರಲ್ಲ, ಅದಕ್ಕೆ.

ನಮ್ಮಜ್ಜಿ ಆ ಕಡೆಯವರು. ಸುತ್ತ ಎರೆಹೊಲ, ಬಿಳಿಜೋಳ, ಕೆಂಪು ಕಲ್ಲಿನ ಗುಡ್ಡ. ಬೇಸಿಗೆ ರಜೆಯಲ್ಲಿ ಅಜ್ಜಿಯ ಪಕ್ಕ ಮಲಗಿದಾಗ ನನಗೆ ಅವರ ಸೆರಗು ಬೇಕೇ ಬೇಕು. ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುತ್ತಾರೆ. ಕತ್ತಲಲ್ಲಿ ಬೆರಳು ಆಡಿಸುತ್ತಾ ಹೋದರೆ ಹತ್ತಿಯ ಒರಟು ಮುಗಿದು ರೇಷ್ಮೆಯ ನುಣುಪು ಶುರುವಾಗುವ ಒಂದು ಸಣ್ಣ ಏಣು ಸಿಗುತ್ತಿತ್ತು. ಅದನ್ನು ಹುಡುಕಿ ಹಿಡಿದುಕೊಂಡರೆ ನಿದ್ದೆ ಬರುತ್ತಿತ್ತು. ಅದಕ್ಕೆ ಕೊಂಡಿ ಅನ್ನುತ್ತಾರೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಇಳಕಲ್ಲಿನಲ್ಲಿ ಕುಣಿಮಗ್ಗದ ಪಕ್ಕ ಕೂತಾಗ.

ಇಳಕಲ್ಲಿನ ಆ ಸೆರಗಿಗೆ ಟೋಪ ತೆನಿ ಅನ್ನುತ್ತಾರೆ. ಅದರ ತುದಿಯಲ್ಲಿ ಬರುವ ಆಕಾರಗಳ ಹೆಸರು ಕೇಳಿ: ಹಣಿಗೆ, ಕೋಟೆಯ ಸಾಲು, ಜೋಳದ ತೆನೆ, ಬೆಟ್ಟದ ಸಾಲು. ಮನೆಯ ಬಾಚಣಿಗೆ, ಊರಿನ ಕೋಟೆ, ಹೊಲದ ಜೋಳ, ಕಣ್ಣಳತೆಯ ಗುಡ್ಡ. ಕನ್ನಡದಲ್ಲಿ ಜೋಳದ್ದೂ ತೆನೆಯೇ, ಕೋಟೆಗೋಡೆಯ ಮೇಲಿನ ಹಲ್ಲೂ ತೆನೆಯೇ. ನೇಕಾರರು ಜೋಳವನ್ನು ಜೋಳದ ಹಾಗೇ ಬಿಡಿಸೋಕೆ ಹೋಗಲಿಲ್ಲ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ, ಓರೆಗೆರೆ ಬೇಕೆಂದರೆ ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಬೇಕು. ಹಾಗೆ ಹತ್ತಿದಾಗ ಗುಡ್ಡದ ಇಳಿಜಾರು ಮೆಟ್ಟಿಲಾಯಿತು, ತೆನೆಯ ಕಾಳು ಕೆಂಪು ರೇಷ್ಮೆಯ ಮೇಲೆ ಬಿಳಿಯಾಗಿ ಒತ್ತಾಗಿ ಕೂತಿತು. ಹೊಲ ಮಗ್ಗದ ಮಾತು ಕೇಳಿತು, ಮಗ್ಗ ಹೊಲದ ಮಾತು ಕೇಳಿತು. ಹಾಸುಹೊಕ್ಕು ಅನ್ನೋ ಮಾತನ್ನು ನಾವು ಎಲ್ಲೆಲ್ಲೋ ಬಳಸುತ್ತೇವೆ, ಅದು ಹುಟ್ಟಿದ ಜಾಗ ಇದು.

ಕಸೂತಿಯೂ ಹಾಗೆಯೇ. ನೀವು ಗಿಳಿ, ನವಿಲು ಮಾತ್ರ ನೋಡಿದಿರಿ, ಹೊಲಿಗೆ ನೋಡಲಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಅಂತ ನಾಲ್ಕು ಬಗೆ. ಮೆಂತ್ಯ ಹೊಲಿಗೆಗೆ ಆ ಹೆಸರು ಯಾಕೆ ಬಂತು ಅಂದರೆ, ಅಡ್ಡಡ್ಡ ಹೊಲಿಗೆ ಒತ್ತಾಗಿ ಬಿದ್ದಾಗ ಬಟ್ಟೆಯ ಮೇಲೆ ಮೆಂತ್ಯದ ಕಾಳು ಹರಡಿದ ಹಾಗೆ ಇರುತ್ತದೆ. ಧಾರವಾಡದಲ್ಲಿ ಕಸೂತಿ ಹಾಕುವ ಒಬ್ಬ ಅಕ್ಕನ ಮನೆಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಬಟ್ಟೆಯ ಮೇಲೆ ಪೆನ್ಸಿಲ್ ಗೀರು ಒಂದೂ ಇಲ್ಲ. ಎಳೆ ಎಣಿಸುತ್ತಾ ಸೂಜಿ ಹೋಗುತ್ತದೆ, ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತದೆ. ಹಿಂದೆ ತಿರುಗಿಸಿದರೆ ಗಂಟೇ ಇಲ್ಲ. ಎಳೆ ತಪ್ಪಿದರೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಕಣ್ಣಿಗಿಂತ ಬೆರಳಿಗೆ ಲಗೂ ತಿಳಿತೈತ್ರಿ" ಅಂದರು. ಸೂಜಿ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಒಂದು ಮಾತಿಗಾಗಿ ನಾನು ಇನ್ನೂ ಹತ್ತು ವರ್ಷ ಕಸೂತಿಯ ಬಗ್ಗೆ ಬರೆಯುತ್ತೇನೆ, ನಿಮಗೆ ಬೇಸರವಾದರೂ ಸರಿ.

ಗಿಳಿ, ನವಿಲು ಸವೆದುಹೋಗಿವೆ ಅನ್ನೋದನ್ನು ಒಪ್ಪುತ್ತೇನೆ. ಹಾಗಾದರೆ ಮೆಂತ್ಯ ಹೊಲಿಗೆಯಲ್ಲಿ ಮತ್ತಿಮರದ ಬಿಲ್ಲೆ ತುಂಬಿಸಿ, ಬಿರುಕಿದ್ದಲ್ಲಿ ಬರಿ ಬಟ್ಟೆ ಬಿಡಿ. ಯಾರು ಬೇಡ ಅಂತಾರೆ?

ಹತ್ತಿರ ಹೋಗಿ ನೋಡಿದವರಿಗೆ ಪ್ರಕೃತಿ ಏನು ಕೊಡುತ್ತದೆ ಅನ್ನೋದಕ್ಕೆ ಇನ್ನೊಂದು ಕಥೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿ ಕರೆದುಕೊಂಡು ಗುಡ್ಡಕ್ಕೆ ಹೋಗಿ ಬಂದಾಗ ಅವರ ಪ್ಯಾಂಟಿಗೂ ನಾಯಿಯ ಮೈಗೂ ಮುಳ್ಳುಕಾಯಿ ಅಂಟಿದ್ದವು. ನಾವಾದರೆ ಬೈದುಕೊಂಡು ಕಿತ್ತು ಬಿಸಾಡುತ್ತೇವೆ. ಅವರು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಮುಳ್ಳಿನ ತುದಿ ಕೊಕ್ಕೆಯ ಹಾಗೆ ಬಾಗಿತ್ತು. ಹಲವು ವರ್ಷ ಗುದ್ದಾಡಿದ ಮೇಲೆ ಅದು ವೆಲ್ಕ್ರೋ ಆಯಿತು, ನಿಮ್ಮ ಚಪ್ಪಲಿಯಲ್ಲೂ ಬ್ಯಾಗಿನಲ್ಲೂ ಪರಪರ ಅನ್ನುವ ಅದೇ ಪಟ್ಟಿ. ನಮ್ಮ ಲಂಗ-ಪಂಚೆಗೆ ಉತ್ತರಾಣಿ ಎಷ್ಟು ಸಲ ಅಂಟಿಲ್ಲ ಹೇಳಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಹೊಟ್ಟೆಯುರಿ ನಿಮ್ಮ ಗೌನಿನದ್ದಲ್ಲ. ಹೋದ ವರ್ಷ ಒಂದು ದೊಡ್ಡ ಅಂಗಡಿಯಲ್ಲಿ ಇಳಕಲ್ ಅಂತ ಸೀರೆ ತೋರಿಸಿದರು. ಕೆಂಪು ಸೆರಗು, ಬಿಳಿ ತೆನೆ, ಎಲ್ಲ ಸರಿಯಾಗಿಯೇ ಇತ್ತು. ಅಭ್ಯಾಸಬಲ, ಬೆರಳು ತಾನಾಗಿ ಆ ಏಣು ಹುಡುಕಿತು. ಸಿಗಲಿಲ್ಲ. ಒಡಲಿನಿಂದ ಸೆರಗಿಗೆ ಒಂದೇ ಜಾರು, ಪೂರ್ತಿ ಪಾಲಿಯೆಸ್ಟರ್ ಮೇಲೆ ಅಚ್ಚು. "ಇದು ಪ್ರಿಂಟ್ ಅಲ್ವಾ?" ಅಂದರೆ ಅಂಗಡಿಯ ಹುಡುಗ "ನೋಡೋಕೆ ಒಂದೇ ಥರ ಇದೆಯಲ್ಲ ಮೇಡಂ" ಅಂದ. ಅವನನ್ನು ಬೈಯಲಿಲ್ಲ. ನೋಡೋಕೆ ಒಂದೇ ಥರ ಇದ್ದರೆ ಸಾಕು ಅಂತ ಅವನಿಗೆ ಕಲಿಸಿದ್ದು ನಾವೇ.

ಎಲ್ಲಿ ಕಲಿಸಿದೆವು? ಶಾಲೆಯಲ್ಲಿ. ಯಾವ ಶಾಲೆಯ ಚಿತ್ರದ ಪುಸ್ತಕವನ್ನಾದರೂ ತೆರೆದು ನೋಡಿ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು, ಒಂದು ತೆಂಗಿನಮರ. ಎರೆಹೊಲದ ಮಕ್ಕಳೂ ಅದನ್ನೇ ಬಿಡಿಸುತ್ತಾರೆ, ಕರಾವಳಿಯ ಮಕ್ಕಳೂ ಅದನ್ನೇ. ಕಿಟಕಿಯ ಹೊರಗಿನ ಹೊಂಗೆಮರವನ್ನು ಯಾರೂ ತೋರಿಸುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ಆ ಚಿತ್ರದ ಪಿರಿಯಡ್ಡೂ ಗಣಿತಕ್ಕೆ ಹೋಗುತ್ತದೆ. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪಾಗುತ್ತದೆ ಅಂತ ನಮಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಆಟದಲ್ಲಿ ಬಂತು. ಈಗಿನ ಮಕ್ಕಳು ಮರ ಮುಟ್ಟಿದರೆ "ಕೈ ಗಲೀಜಾಗುತ್ತೆ, ಬಿಡು" ಅನ್ನುತ್ತೇವೆ.

ಮುಟ್ಟುವುದು ನಿಂತ ಮೇಲೆ ಮಾತೂ ನಿಲ್ಲುತ್ತದೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ. ಒರಟು, ನುಣುಪು, ನವಿರು, ತರಿತರಿ, ಗರಿಗರಿ, ಜಿಗುಟು, ಮಿದು, ಬಿರುಸು, ಸುಕ್ಕು, ಸುರುಟು, ಗಂಟುಗಂಟು, ಚಕ್ಕೆ ಎದ್ದದ್ದು, ಬಿರಿದದ್ದು. ಎಷ್ಟು ಮಾತುಗಳಿದ್ದವು ನಮ್ಮ ಹತ್ತಿರ! ಹೊಸ ಪಂಚೆ ಗರಿಗರಿ, ಹಳೆ ಸೀರೆ ಮಿದು, ಕಂಬಳಿ ಚುಚ್ಚುತ್ತದೆ. ಕುರಿಯ ಉಣ್ಣೆಯ ಕರಿ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿರುಸು ಮಾಡುತ್ತಿದ್ದರು, ಅಂಥದ್ದನ್ನು ಕೊಪ್ಪೆ ಹಾಕಿಕೊಂಡರೆ ಮಳೆಯೂ ಬೇಗ ಒಳಗೆ ಬರದು. ಇಷ್ಟೂ ಮಾತುಗಳ ಜಾಗದಲ್ಲಿ ಈಗ ಒಂದೇ ಮಾತು, "ಟೆಕ್ಸ್ಚರ್ ಸೂಪರ್ ಆಗಿದೆ". ಮಾತು ಒಂದೇ ಉಳಿದರೆ ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುವುದಾದರೂ ಹೇಗೆ?

ನಿಮ್ಮನ್ನು ನೋಯಿಸೋಕೆ ಬರೆದದ್ದಲ್ಲ. ನೀವು ಜಗಳ ಆಡೋಕೆ ಪತ್ರ ಬರೆದಿರಿ, ಅದೇ ನನಗೆ ಖುಷಿ. ಮಾರ್ಕ್ಸ್ ಹೋಗಲಿ ಬಿಡಿ. ರಜೆಯಲ್ಲಿ ಇನ್ನೊಂದು ಸಲ ಆ ಮರದ ಹತ್ತಿರ ಹೋಗಿ. ಮೊಬೈಲ್ ಬ್ಯಾಗಿನಲ್ಲೇ ಇರಲಿ. ಒಂದು ತೆಳು ಕಾಗದ ತೊಗಟೆಯ ಮೇಲೆ ಒತ್ತಿ ಹಿಡಿದು, ಮೇಣದ ಬಣ್ಣದ ಕಡ್ಡಿಯನ್ನು ಮಲಗಿಸಿ ತಿಕ್ಕಿ. ಆಮೇಲೆ ಕಣ್ಣು ಮುಚ್ಚಿ ಎರಡೂ ಅಂಗೈಯಿಂದ ಸವರಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಕನ್ನಡದಲ್ಲಿ ಒಂದೊಂದು ಹೆಸರು ಬರೆದುಕೊಳ್ಳಿ. ವಾಪಸ್ ಬಂದು ಖಾದಿಯೋ ಟಸ್ಸರೋ ಒಂದು ತುಂಡು ತೆಗೆದುಕೊಂಡು ಹೊಲಿಗೆಯಲ್ಲೋ ನೆರಿಗೆಯಲ್ಲೋ ಅದನ್ನು ಹಿಡಿಯೋಕೆ ನೋಡಿ. ಮೊದಲ ಮೂರು ನಾಲ್ಕು ತುಂಡು ಕೆಡುತ್ತವೆ, ಕೆಡಲಿ.

ಸರಿಬಂದ ಅಂಗೈ ಅಗಲದ ತುಂಡೊಂದನ್ನು ನಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿ. ಯಾವ ಮರ ಅಂತ ಚೀಟಿಯಲ್ಲಿ ಬರೆದು ಬೇರೆ ಲಕೋಟೆಯಲ್ಲಿಡಿ. ನಾನು ಮೊದಲು ಕಣ್ಣು ಮುಚ್ಚಿ ಬಟ್ಟೆ ಮುಟ್ಟಿ ನೋಡುತ್ತೇನೆ, ಆಮೇಲೆ ಚೀಟಿ ಒಡೆಯುತ್ತೇನೆ. ಮೇಡಂಗೆ ನನ್ನ ನಮಸ್ಕಾರ ತಿಳಿಸಿ.