ಮೇ ತಿಂಗಳಲ್ಲಿ ತಣ್ಣಗಿಡುವ ಕೂಲರ್ ಮಳೆಗಾಲದಲ್ಲಿ ಮೈ ಅಂಟು ಮಾಡುವುದೇಕೆ?

ಕೂಲರ್ ಕೆಟ್ಟಿಲ್ಲ, ಹವಾ ಬದಲಾಗಿದೆ ಅಷ್ಟೇ. ಒದ್ದೆ ಪ್ಯಾಡ್ ಮೂಲಕ ಗಾಳಿ ಹಾದಾಗ ನೀರು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ.

ಕಲಬುರಗಿಯ ಬಿರುಬಿಸಿಲನ್ನೇ ತಗೊಳ್ಳಿ. 42 ಡಿಗ್ರಿ ಉಷ್ಣಾಂಶ, ಗಾಳಿಯಲ್ಲಿ ತೇವ ಶೇ. 20 ಇದ್ದರೆ, ಲೆಕ್ಕದ ಪ್ರಕಾರ ಕೂಲರ್ ಗಾಳಿಯನ್ನು ಸುಮಾರು 24 ಡಿಗ್ರಿವರೆಗೂ ಇಳಿಸಬಹುದು. ಮನೆಯ ಕೂಲರ್ ಅಲ್ಲಿವರೆಗೆ ಹೋಗಲ್ಲ, 28ರ ಆಸುಪಾಸು ಬಂದರೂ ಸಾಕಲ್ವಾ? ಅದೇ ಜುಲೈನಲ್ಲಿ 31 ಡಿಗ್ರಿ, ತೇವ ಶೇ. 75 ಅಂದರೆ ಇಳಿಯುವುದು ಹೆಚ್ಚೆಂದರೆ ನಾಲ್ಕು ಡಿಗ್ರಿ, ಮೇಲಿಂದ ಕೋಣೆಗೆ ಇನ್ನಷ್ಟು ತೇವ ತುಂಬಿ ಬೆವರು ಆರುವುದೇ ಇಲ್ಲ.

ಕಿಟಕಿ ಮುಚ್ಚಿ ಕೂಲರ್ ಹಾಕುವವರು ಬೇಸಿಗೆಯಲ್ಲೂ ಮಳೆಗಾಲವನ್ನೇ ಒಳಗೆ ಮಾಡಿಕೊಳ್ಳುತ್ತಾರೆ! ಕೂಲರ್ ಹಿಂಭಾಗ ಹೊರಗಿನ ಗಾಳಿಗೆ ಇರಲಿ, ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ.

ಟ್ಯಾಂಕಿಗೆ ಐಸ್ ಹಾಕೋದು? ಸುಮ್ನೆ ದುಡ್ಡು ದಂಡ. ಒಂದು ಕಿಲೋ ಐಸ್ ಕರಗುವಾಗ ಹೀರುವುದು 334 ಕಿಲೋಜೂಲ್, ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400.

ಬೋರ್‌ವೆಲ್ ನೀರಾದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಗಟ್ಟಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ, ಹಾಗಾಗಿ ಟ್ಯಾಂಕಿನ ಹಳೇ ನೀರು ಆಗಾಗ ಚೆಲ್ಲಿಬಿಡಿ. ಮಳೆಗಾಲದಲ್ಲಿ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸಿ.