ಟಾಲಕ್ವಾದಲ್ಲಿ ಆಡಳಿತ ಯಾರದು?

ತಂಗಿ, ಅಮೆರಿಕದ ಒಕ್ಲಹೋಮದಲ್ಲಿರುವ ಟಾಲಕ್ವಾದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. "ಅದು ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನ ಸರ್ಕಾರ ನಡೆಸುವ ಆಸ್ಪತ್ರೆಯಂತೆ. ಅಲ್ಲಿ ಮುಖಂಡ ಹೇಳಿದ್ದೇ ಕಾನೂನಾ?" ಅಂತ ಕೇಳಿದ್ದೀಯ. ಈ ಊರಲ್ಲಿ ನೆಲೆಸಿ ಬಹಳ ವರ್ಷಗಳಾದವು, ಗೊತ್ತಿರುವಷ್ಟು ಹೇಳುತ್ತೇನೆ.

ಇಲ್ಲ, ಹಾಗಿಲ್ಲ. ಇಲ್ಲಿ ಸಂವಿಧಾನ ಇದೆ. ನಾಲ್ಕು ವರ್ಷಕ್ಕೊಮ್ಮೆ ಜನ ವೋಟು ಹಾಕಿ ಪ್ರಿನ್ಸಿಪಲ್ ಚೀಫ್ ಅನ್ನು, ಅಂದರೆ ಸರ್ಕಾರದ ಮುಖ್ಯಸ್ಥರನ್ನು, ಆರಿಸುತ್ತಾರೆ. 2019ರಲ್ಲಿ ಗೆದ್ದ ಚಕ್ ಹಾಸ್ಕಿನ್ ಜೂನಿಯರ್ 2023ರಲ್ಲಿ ಮತ್ತೆ ಗೆದ್ದರು. ಕಾನೂನು ಮಾಡುವುದು 17 ಜನರ ಕೌನ್ಸಿಲ್. ಸುಪ್ರೀಂ ಕೋರ್ಟು, ಮಾರ್ಷಲ್ ಪೊಲೀಸರು, ಕಾರಿನ ನಂಬರ್ ಪ್ಲೇಟ್ ಎಲ್ಲವೂ ಅವರದ್ದೇ.

ಹಳೇ ಕಾಲದಲ್ಲೂ ಒಬ್ಬರ ಮಾತೇ ನಡೆಯುತ್ತಿರಲಿಲ್ಲ. ಒಂದೊಂದು ಊರಿಗೂ ಒಂದೊಂದು ಸಭೆ. ಶಾಂತಿಯ ಕಾಲಕ್ಕೆ ಬಿಳಿ ಮುಖಂಡ, ಯುದ್ಧಕ್ಕೆ ಕೆಂಪು ಮುಖಂಡ. ಎಲ್ಲರೂ ಒಪ್ಪುವ ತನಕ ಮಾತು ನಡೆಯುತ್ತಿತ್ತು. ಏಳು ಕುಲಗಳು, ಕುಲ ಬರುವುದು ತಾಯಿಯಿಂದ. ನೀನು ಉಡುಪಿ ಕಡೆಯವಳು, ತಾಯಿಯಿಂದ ಬರುವ ಬಳಿ ಗೊತ್ತಿರುತ್ತದೆ ಅಲ್ವಾ, ಹೆಚ್ಚುಕಮ್ಮಿ ಹಾಗೆ. ಹೆಂಗಸರ ಮಾತಿಗೆ ತೂಕ ಇತ್ತು. ನ್ಯಾನ್ಸಿ ವಾರ್ಡ್ ಎಂಬ ಚೆರೋಕಿ ಹೆಂಗಸು 1781ರಲ್ಲಿ ಬಿಳಿಯರ ಜೊತೆಗಿನ ಸಂಧಾನದಲ್ಲಿ ಎದ್ದು ನಿಂತು ಶಾಂತಿಗಾಗಿ ಮಾತಾಡಿದರು.

1827ರಲ್ಲಿ, ಇನ್ನೂ ಜಾರ್ಜಿಯಾ ಕಡೆ ಇದ್ದಾಗ, ಲಿಖಿತ ಸಂವಿಧಾನ ಬಂತು. ಅಮೆರಿಕದವರ ಮಾದರಿಯಲ್ಲೇ ಸರ್ಕಾರ ಕಟ್ಟಿದರೆ ನೆಲ ಉಳಿದೀತು ಅನ್ನೋ ಆಸೆ. ಅದರಲ್ಲಿ ಹೆಂಗಸರಿಗೆ ವೋಟಿಲ್ಲ. ನೆಲವೂ ಉಳಿಯಲಿಲ್ಲ. 1838–39ರಲ್ಲಿ ಸೈನ್ಯ ಬಲವಂತವಾಗಿ ಇವರನ್ನು ಈ ಕಡೆಗೆ ಅಟ್ಟಿತು, ಸುಮಾರು 4,000 ಜನ ಸತ್ತರು ಅಂತ ಅಂದಾಜು. ಬಂದ ವರ್ಷವೇ ಇಲ್ಲಿ ಹೊಸ ಸಂವಿಧಾನಕ್ಕೆ ಸಹಿ ಹಾಕಿದರು. 1907ರಲ್ಲಿ ಒಕ್ಲಹೋಮ ರಾಜ್ಯವಾದ ಮೇಲೆ ಚೀಫ್ ಅನ್ನು ಅಮೆರಿಕದ ಅಧ್ಯಕ್ಷರೇ ನೇಮಿಸತೊಡಗಿದರು. ಕಾಗದಕ್ಕೆ ಸಹಿ ಹಾಕಲು ಒಂದೇ ದಿನದ ಚೀಫ್‌ಗಳೂ ಇದ್ದರಂತೆ. ಮತ್ತೆ ಚುನಾವಣೆ ನಡೆದದ್ದು 1971ರಲ್ಲಿ. ಇಲ್ಲಿನ ಹಿರಿಯರಿಗೆ ವೋಟು ಎಷ್ಟು ದೊಡ್ಡದು ಅನ್ನುವುದು ನನಗೆ ಅರ್ಥವಾದದ್ದು ಇದನ್ನು ಕೇಳಿದ ಮೇಲೆ.

ಹಳೆಯದೂ ಹೊಸದೂ ಕೂಡುವುದು ಹೇಗೆ ಅಂತ ನೋಡಬೇಕಾದರೆ ವಿಲ್ಮಾ ಮ್ಯಾನ್‌ಕಿಲ್ಲರ್ ಬಗ್ಗೆ ತಿಳಿದುಕೊ. 1980ರ ದಶಕದ ಮೊದಲಲ್ಲಿ ಬೆಲ್ ಅನ್ನೋ ಹಳ್ಳಿಯ ಎಷ್ಟೋ ಮನೆಗಳಿಗೆ ನಲ್ಲಿ ನೀರೇ ಇರಲಿಲ್ಲ. ಈಕೆ ಅಲ್ಲಿ ಕೂತು ಜನರ ಮಾತು ಕೇಳಿದರು. ಹಣ, ಸಾಮಾನು ಹೊಂದಿಸಿಕೊಟ್ಟರು. ಸುಮಾರು 16 ಮೈಲಿ ಪೈಪ್ ಹಾಕಿದ್ದು ಊರವರೇ. ಗದುಗಿ ಅಂತ ಕೇಳುತ್ತೀಯ ಇಲ್ಲಿ, ಎಲ್ಲರೂ ಸೇರಿ ಒಬ್ಬರಿಗೊಬ್ಬರು ದುಡಿಯುವುದು. 1985ರಲ್ಲಿ ಆಗಿನ ಚೀಫ್ ಹುದ್ದೆ ಬಿಟ್ಟಾಗ, ಉಪ ಚೀಫ್ ಆಗಿದ್ದ ವಿಲ್ಮಾ ಅವರೇ ಚೀಫ್ ಆದರು, 1987ರಲ್ಲಿ ಚುನಾವಣೆಯಲ್ಲೇ ಗೆದ್ದರು. ಹೆಂಗಸು ಅನ್ನೋ ಕಾರಣಕ್ಕೆ ಸ್ವಂತ ಜನರೇ ವಿರೋಧಿಸಿದ್ದರು! ತಾಯಿಯಿಂದ ಕುಲ ಎಣಿಸುವ ಜನಕ್ಕೆ ಆ ವಿರೋಧ ಹೊರಗಿನಿಂದ ಬಂದದ್ದು ಅಂತಲೇ ನನ್ನ ಅಭಿಪ್ರಾಯ.

ನೋವಿನ ಕಥೆಯೂ ಇದೆ, ಮುಚ್ಚಿಡುವುದಿಲ್ಲ. ಹಿಂದೆ ಇವರಲ್ಲಿ ಕೆಲವರು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅಮೆರಿಕದ ಜೊತೆಗಿನ 1866ರ ಒಪ್ಪಂದ ಬಿಡುಗಡೆಯಾದ ಆ ಗುಲಾಮರಿಗೆ ಪೂರ್ತಿ ಹಕ್ಕು ಕೊಟ್ಟಿತ್ತು. ಆದರೂ ಅವರ ವಂಶದವರು ಚೆರೋಕಿ ಪೌರತ್ವಕ್ಕಾಗಿ ಕೋರ್ಟು ಹತ್ತಬೇಕಾಯಿತು. ಚೆರೋಕಿ ರಕ್ತ ಇದ್ದವರಿಗಷ್ಟೇ ಹಕ್ಕು ಅನ್ನೋ ಷರತ್ತನ್ನು ಸಂವಿಧಾನದಿಂದ ತೆಗೆಯಲು ಚೆರೋಕಿ ಸುಪ್ರೀಂ ಕೋರ್ಟು ಹೇಳಿದ್ದು 2021ರಲ್ಲಿ. ಅದಕ್ಕೇ ಹೇಳುತ್ತಿದ್ದೇನೆ, ವಾರ್ಡಿನಲ್ಲಿ ಯಾರನ್ನೂ "ನೀವು ಎಷ್ಟು ಪಾಲು ಚೆರೋಕಿ?" ಅಂತ ಕೇಳಬೇಡ.

ಇನ್ನು ಸ್ಟೊಂಪ್ ಡ್ಯಾನ್ಸ್, ಅಂದರೆ ಬೆಂಕಿಯ ಸುತ್ತ ಕುಣಿಯುವ ಅವರ ಪೂಜೆಯ ಕುಣಿತ, ನಡೆಯುವ ಪೂಜೆಯ ಜಾಗಗಳಿಗೂ ಅವರದೇ ಮುಖಂಡರಿದ್ದಾರೆ. ಅದು ಬೇರೆ ದಾರಿ, ಸರ್ಕಾರದ ಕುರ್ಚಿಯಲ್ಲ. ಕರೆದರೆ ಮಾತ್ರ ಹೋಗು, ಸುಮ್ನೆ ಫೋಟೋ ತೆಗೆಯಬೇಡ. ಸೆಪ್ಟೆಂಬರ್ ಲೇಬರ್ ಡೇ ರಜೆಯಲ್ಲಿ 1839ರ ಸಂವಿಧಾನದ ನೆನಪಿಗೆ ದೊಡ್ಡ ಹಬ್ಬ ಇರುತ್ತದೆ. ಚೀಫ್ ಆಗ ತಮ್ಮ ಸರ್ಕಾರ ಏನು ಮಾಡಿದೆ ಅಂತ ಜನರ ಮುಂದೆ ಹೇಳುತ್ತಾರೆ. ಆ ದಿನಕ್ಕೆ ಡ್ಯೂಟಿ ಬೇಡ ಅಂತ ಮೊದಲೇ ಕೇಳಿಕೊ, ನಮ್ಮ ಜೊತೆ ಬಾ.