ಮಣ್ಣಿನ ಬಂಡಿಯ ಸದ್ದು

ಪ್ರಶ್ನೆ: ಕನ್ನಡದ ಮೊದಮೊದಲ ಸಿನಿಮಾಗಳು ನಾಟಕದ ಹಾಗೇ ಇದ್ದವಂತೆ, ಯಾಕೆ? ನಾವು ಊರಿನ ಕೆಲವರು ಸೇರಿ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಒಂದು ದೃಶ್ಯವನ್ನು ರೇಡಿಯೊ ನಾಟಕದ ರೀತಿ ರೆಕಾರ್ಡ್ ಮಾಡಬೇಕು ಅಂದುಕೊಂಡಿದ್ದೇವೆ. ಏನು ಗಮನಿಸಬೇಕು?
– ಓದುಗರು, ಗೋಣಿಕೊಪ್ಪಲು

ಉತ್ತರ: ನಾಟಕದವರೇ ಸಿನಿಮಾ ಮಾಡಿದ್ದು, ಅದಕ್ಕೇ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿದವರು. ಇನ್ನೊಂದು ಕಾರಣ ಮೈಕು. ಆಗಿನ್ನೂ ಹಿನ್ನೆಲೆ ಗಾಯನ ಬಂದಿರಲಿಲ್ಲ. ನಟರು ಕ್ಯಾಮೆರಾ ಮುಂದೆ ನಿಂತೇ ಹಾಡಬೇಕು. ಮೈಕಿನಿಂದ ದೂರ ಸರಿದರೆ ದನಿ ಹೋಯ್ತು. ಹಾಗಾಗಿ ನಿಂತಲ್ಲೇ ನಿಲ್ಲುತ್ತಿದ್ದರು. ಅದನ್ನು ಕೊರತೆ ಅಂತ ನೋಡಬೇಡಿ, ಆ ಕಷ್ಟದಲ್ಲೂ ಅವರು ಹಾಡಿದರಲ್ಲ ಅಂತ ನೋಡಿ.

ನೀವು ಆರಿಸಿಕೊಂಡ ನಾಟಕ ಮೂಕಿ ಕಾಲದಲ್ಲೇ ‘ವಸಂತಸೇನಾ’ ಎಂಬ ಹೆಸರಿನಲ್ಲಿ ತೆರೆಗೆ ಬಂದಿತ್ತು. ಮೋಹನ್ ಭವನಾನಿ ನಿರ್ದೇಶಿಸಿದ ಆ ಚಿತ್ರದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ, ನಾಟಕಕಾರ ಟಿ.ಪಿ. ಕೈಲಾಸಂ ನಟಿಸಿದ್ದರು. ಮಾತಿನ ಮಲ್ಲ ಕೈಲಾಸಂ ಮೂಕಿಯಲ್ಲಿ! 1941ರಲ್ಲಿ ಅದೇ ಕಥೆ ಕನ್ನಡದಲ್ಲಿ ಮಾತಾಡುವ ‘ವಸಂತಸೇನಾ’ ಆಯಿತು.

ರೇಡಿಯೊದ್ದು ರಂಗದ ಮೇಲಿನ ನಾಟಕಕ್ಕೆ ಪೂರಾ ಉಲ್ಟಾ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಪಳಗಿದ ಗಂಟಲು ಮೈಕಿನ ಮುಂದೆ ತಗ್ಗಬೇಕು. ಕೇಳುವವರು ಕಿವಿಯ ಪಕ್ಕದಲ್ಲೇ ಇರ್ತಾರೆ ಅಲ್ವಾ?

ಆರನೇ ಅಂಕದ ಬಂಡಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಬಡತನಕ್ಕೆ ಬಿದ್ದ ನಾಯಕ ಚಾರುದತ್ತನ ಮಗ ರೋಹಸೇನ ಮಣ್ಣಿನ ಬಂಡಿ ಬೇಡ, ಚಿನ್ನದ್ದೇ ಬೇಕು ಅಂತ ಅಳುತ್ತಾನೆ. ಚಾರುದತ್ತನನ್ನು ಪ್ರೀತಿಸುವ ಗಣಿಕೆ ವಸಂತಸೇನೆಯನ್ನು ತೋರಿಸಿ, ಇವಳು ನಿನಗೆ ಅಮ್ಮನ ಹಾಗೆ ಎಂದು ಸೇವಕಿ ಹೇಳಿದರೆ ಅವನು ನಂಬುವುದಿಲ್ಲ. ಅಮ್ಮನಾದರೆ ಮೈಮೇಲೆ ಇಷ್ಟು ಒಡವೆ ಯಾಕೆ ಅನ್ನುತ್ತಾನೆ. ಅವಳು ಅಳುತ್ತಾ ಒಡವೆ ಬಿಚ್ಚಿ ಬಂಡಿಗೆ ತುಂಬುತ್ತಾಳೆ. ರಂಗದ ಮೇಲೆ ಆ ಪುಟ್ಟ ಬಂಡಿ ಹಿಂದೆ ಕೂತವರಿಗೆ ಕಾಣುವುದೇ ಕಷ್ಟ. ಸಿನಿಮಾ ಅದನ್ನು ಹತ್ತಿರದಿಂದ ತೋರಿಸಬಲ್ಲದು. ರೇಡಿಯೊದಲ್ಲಿ ಒಂದೊಂದೇ ಬಳೆ ಮಣ್ಣಿಗೆ ತಾಗುವ ಸದ್ದು ಸಾಕು. ಸ್ಟೀಲ್ ತಟ್ಟೆ ಬಳಸಬೇಡಿ, ಮಣ್ಣಿನ ಕುಡಿಕೆಯನ್ನೇ ಇಟ್ಟುಕೊಳ್ಳಿ. ಮೊದಲ ಬಳೆ ಬಿದ್ದ ಮೇಲೆ ಯಾರೂ ಮಾತಾಡಬೇಡಿ. ಸುಮ್ನೆ ಹಿನ್ನೆಲೆ ಸಂಗೀತ ತುಂಬಬೇಡಿ. ಅಲ್ಲಿ ಹುಡುಗನ ಬಿಕ್ಕು ನಿಧಾನಕ್ಕೆ ನಿಲ್ಲುವುದು ಕೇಳಬೇಕು.

ಇನ್ನು ನಿಮ್ಮ ಊರಿನ ಮಳೆ. ಶೀಟಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ರೆಕಾರ್ಡ್ ಮಾಡಿದರೆ ಒಂದು ಮಾತೂ ಕೇಳಿಸದು. ಮಾತುಗಳನ್ನು ಬೇಸಿಗೆಯಲ್ಲಿ ಮುಗಿಸಿ. ಆದರೆ ಜುಲೈ ಮಳೆಯನ್ನು ಬಿಡಬೇಡಿ, ಬೇರೆಯಾಗಿ ಹಿಡಿದಿಡಿ. ಶೀಟಿನ ಸದ್ದು ನಾಟಕ ನಡೆಯುವ ಹಳೇ ಉಜ್ಜಯಿನಿಗೆ ಹೊಂದುವುದಿಲ್ಲ. ತೋಟದೊಳಗೆ ಹೋಗಿ ಎಲೆಗಳ ಮೇಲೆ ಬೀಳುವುದನ್ನು ಹಿಡಿಯಿರಿ. ಮುಂದೆ ಐದನೇ ಅಂಕವನ್ನೂ ಮಾಡುವ ಮನಸ್ಸಾದರೆ, ಅಲ್ಲಿ ವಸಂತಸೇನೆ ಚಾರುದತ್ತನ ಮನೆಗೆ ಹೋಗುವುದೇ ಗುಡುಗು ಮಳೆಯಲ್ಲಿ.